ಡೈರಿ ಓದಲು ಎಷ್ಟು ಇಂಗ್ಲಿಷ್ ಬೇಕು?

ಸಂಜೆ ಐದೂವರೆ. ಸ್ಕೂಲ್ ವ್ಯಾನು ಬಂದು ಹೋಗಿದೆ. ಒಂದನೇ ಕ್ಲಾಸಿನ ಮಗು ಬ್ಯಾಗನ್ನು ಮೂಲೆಗೆಸೆದು, ಶೂ ಕೂಡ ಬಿಚ್ಚದೆ ಆಟಕ್ಕೆ ಓಡಿದೆ. ಅಮ್ಮ ಹಾಲು ಕಾಯಲಿಟ್ಟು ಬ್ಯಾಗಿನಿಂದ ಡೈರಿ ತೆಗೆಯುತ್ತಾಳೆ. ಟೀಚರು ಒಂದೇ ಸಾಲು ಬರೆದಿದ್ದಾರೆ: ‘ಕೈಂಡ್ಲಿ ಸಬ್ಮಿಟ್ ಆಧಾರ್ ಕಾಪಿ ಆನ್ ಆರ್ ಬಿಫೋರ್ ಫ್ರೈಡೇ ವಿದೌಟ್ ಫೇಲ್.’ ಅಮ್ಮನಿಗೆ ಅಕ್ಷರ ಗೊತ್ತು. ಕೂಡಿಸಿ ಕೂಡಿಸಿ ಓದುತ್ತಾಳೆ. ಆಧಾರ್ ಗೊತ್ತಾಯಿತು, ಕಾಪಿ ಗೊತ್ತಾಯಿತು, ಫ್ರೈಡೇ ಅಂದರೆ ಶುಕ್ರವಾರ. ಆದರೆ ಶುಕ್ರವಾರ ಏನು? ಅಂದೇ ಕೊಡಬೇಕೇ, ಅದಕ್ಕಿಂತ ಮುಂಚೆ ಕೊಟ್ಟರೂ ನಡೆಯುತ್ತದೆಯೇ? ಕೊನೆಯಲ್ಲಿರುವ ‘ಫೇಲ್’ ಕಂಡು ಎದೆ ಧಸಕ್ಕೆನ್ನುತ್ತದೆ. ಮಗು ಫೇಲಾಯಿತೇ?

ಪಕ್ಕದ ಮನೆಯ ಪಿಯುಸಿ ಹುಡುಗಿ ಟ್ಯೂಷನ್ ಮುಗಿಸಿ ಬರುವವರೆಗೂ ಆ ಆತಂಕ ಕರಗುವುದಿಲ್ಲ.

ಹಾಸನದಲ್ಲಿ, ಹಾವೇರಿಯಲ್ಲಿ, ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗಳಲ್ಲಿ ದಿನವೂ ನಡೆಯುವ ಸಂಗತಿ ಇದು. ಈ ತಾಯಂದಿರಲ್ಲಿ ಬಹಳ ಮಂದಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವರು. ಅವರ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ. ಒಂದನೇ ತರಗತಿಗೆ ಅದು ಬಂದದ್ದು 2007ರ ನಂತರ. ಆರು ವರ್ಷ ಇಂಗ್ಲಿಷ್ ಪಾಠ ಕೇಳಿ, ಪರೀಕ್ಷೆ ಬರೆದು ಪಾಸಾದವರಿಗೆ ಒಂದು ಸಾಲಿನ ಡೈರಿ ಯಾಕೆ ಬಿಡಿಸಲಾಗದ ಒಗಟಾಗುತ್ತದೆ? ಅವರಿಗೆ ಬುದ್ಧಿ ಸಾಲದು ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಎಲ್ಲಿ ತೊಡಕಾಗುತ್ತಿದೆ ಎಂಬುದು ಆ ಸಾಲಿನಲ್ಲೇ ಕಾಣುತ್ತದೆ. ಗೊತ್ತಾದ ಪದಗಳೆಲ್ಲ ವಸ್ತುಗಳ, ದಿನಗಳ ಹೆಸರು. ತಿಳಿಯದೆ ಉಳಿದದ್ದು ಆನ್, ಆರ್, ಬಿಫೋರ್, ವಿದೌಟ್ ಎಂಬ ಚಿಲ್ಲರೆ ಪದಗಳು.

ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್

ಇಂಗ್ಲಿಷ್ ಬರುವುದಿಲ್ಲ ಎನ್ನುವ ಕನ್ನಡಿಗರು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಎಷ್ಟು ಇಂಗ್ಲಿಷ್ ಪದ ಆಡುತ್ತಾರೆ ಎಂದು ಕಿವಿಗೊಟ್ಟು ಕೇಳಬೇಕು. ಗ್ಯಾಸ್, ಸ್ಟವ್, ಕುಕ್ಕರ್, ಮಿಕ್ಸಿ, ಸ್ವಿಚ್ಚು, ಬಲ್ಬು, ಬ್ರಷ್ಷು, ಪೇಸ್ಟು, ಬಸ್ಸು, ಸ್ಟಾಪು, ಟಿಕೆಟ್ಟು, ಕಂಡಕ್ಟರ್, ಚಾರ್ಜರ್, ರೀಚಾರ್ಜ್, ಲೋನು, ಬಿಲ್ಲು, ರೇಷನ್ ಕಾರ್ಡು, ಬಿಪಿ, ಶುಗರ್, ಸ್ಕ್ಯಾನಿಂಗ್. ಹೊಲದ ಕಡೆಗೆ ಹೋದರೆ ಮೋಟರು, ಪಂಪ್‌ಸೆಟ್ಟು, ಸ್ಟಾರ್ಟರು, ಪೈಪು, ಟ್ರ್ಯಾಕ್ಟರು, ಸ್ಪ್ರೇ. ಪಟ್ಟಿ ನೂರಾರಕ್ಕೆ ಏರುತ್ತದೆ. ಇವನ್ನು ಯಾರೂ ಪುಸ್ತಕ ಹಿಡಿದು ಕಲಿಯಲಿಲ್ಲ. ಬಳಕೆಯಲ್ಲಿ ಬಂದವು, ಉಕಾರ ಹಚ್ಚಿಕೊಂಡು ನಮ್ಮವಾದವು.

ಒಂದು ಭಾಷೆ ಇನ್ನೊಂದರಿಂದ ಸಾಲ ತರುವಾಗ ಮೊದಲು ಬರುವುದು ನಾಮಪದಗಳೇ. ಹೊಸ ವಸ್ತು ಬಂದಾಗ ಅದರ ಹೆಸರೂ ಜೊತೆಗೆ ಬರುತ್ತದೆ. ಕ್ರಿಯಾಪದಗಳನ್ನು ಕನ್ನಡ ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತನ್ನ ‘ಮಾಡು’, ‘ಆಗು’ಗಳನ್ನು ಅಂಟಿಸಿಯೇ ತೆಗೆದುಕೊಳ್ಳುತ್ತದೆ: ಟ್ರೈ ಮಾಡು, ಅಡ್ಜಸ್ಟ್ ಮಾಡು, ಚೆಕ್ ಮಾಡು, ಮಿಸ್ ಆಯ್ತು, ಲೇಟ್ ಆಯ್ತು. ಇನ್ನು ಆಫ್, ಟು, ಫ್ರಮ್, ವಿತ್ ಮುಂತಾದವು ಒಂಟಿಯಾಗಿ ಬರುವುದೇ ಇಲ್ಲ, ಏಕೆಂದರೆ ಆ ಕೆಲಸವನ್ನು ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳು ಮಾಡಿ ಮುಗಿಸುತ್ತವೆ. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದರೆ ಸಾಕು.

ಹೀಗಾಗಿ ಕನ್ನಡದ ಆರಂಭಿಕರ ಬಳಿ ಹೆಸರುಗಳ ದೊಡ್ಡ ಗಂಟೇ ಇದೆ. ಅವನ್ನು ಜೋಡಿಸುವ ಪದಗಳು ಇಲ್ಲ. ಆದರೆ ಕಲಿಕೆಯ ಪುಸ್ತಕಗಳೂ ಕೋರ್ಸುಗಳೂ ಮತ್ತೆ ಹೆಸರುಗಳಿಂದಲೇ ಶುರುಮಾಡುತ್ತವೆ: ಹಣ್ಣು, ತರಕಾರಿ, ಪ್ರಾಣಿ, ಪಕ್ಷಿ. ಬಸ್ಸಿನಲ್ಲಿ ದಿನವೂ ಓಡಾಡುವವರಿಗೆ ರೈನಾಸರಸ್ ಎಂದರೆ ಘೇಂಡಾಮೃಗ ಎಂದು ಕಲಿಸಿ ಏನು ಉಪಯೋಗ?

ಬಾಯಲ್ಲಿರುವ ಪದಗಳಲ್ಲೂ ಒಂದು ಎಚ್ಚರ ಬೇಕು. ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡವು ಹಲವು. ನಮ್ಮ ಹೋಟೆಲಿನಲ್ಲಿ ಇಡ್ಲಿ ಸಿಗುತ್ತದೆ, ಬೇರೆ ದೇಶದ ಹೋಟೆಲಿನಲ್ಲಿ ಮೊದಲು ಸಿಗುವುದು ಮಲಗುವ ಕೋಣೆ. ‘ಫ್ಯಾಮಿಲಿ ಊರಿಗೆ ಹೋಗಿದ್ದಾರೆ’ ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಹೆಂಡತಿ. ಅರ್ಥ ಹೀಗೆ ಸರಿದ ಪದಗಳು ಬಹಳವಿಲ್ಲ. ಎದುರಾದಾಗ ಗುರುತಿಟ್ಟುಕೊಂಡರೆ ಸಾಕು.

ಢಾಕಾದ ಮೇಷ್ಟರ ಲೆಕ್ಕ

ಹೊಸಬರಿಗೆ ಯಾವ ಪದ ಮೊದಲು ಕಲಿಸಬೇಕು ಎಂಬ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ, ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಅಚ್ಚಾದ ಬರಹಗಳಲ್ಲಿ ಎಣಿಸಿ ಹತ್ತು ಸಾವಿರ ಪದಗಳ ಪಟ್ಟಿ ಪ್ರಕಟಿಸಿದರು. ಇಂಗ್ಲೆಂಡಿನ ಸಿ.ಕೆ. ಆಗ್ಡೆನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಯೋಜನೆ ಮುಂದಿಟ್ಟರು. ಅದರಲ್ಲಿದ್ದದ್ದು 850 ಪದ ಮಾತ್ರ, ಅವುಗಳಲ್ಲಿ ಕ್ರಿಯಾಪದಗಳು 18 ಅಷ್ಟೇ.

ನಮಗೆ ಹೆಚ್ಚು ಹತ್ತಿರದವರು ಮೈಕೆಲ್ ವೆಸ್ಟ್. ಬ್ರಿಟಿಷ್ ಆಡಳಿತದಲ್ಲಿ ಶಿಕ್ಷಣ ಇಲಾಖೆಯ ಕೆಲಸಕ್ಕೆ ಬಂಗಾಳಕ್ಕೆ ಬಂದ ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ಹಳ್ಳಿಯ ಮಕ್ಕಳು ಶಾಲೆಗೆ ಸೇರುವುದನ್ನೂ, ಒಂದೆರಡು ವರ್ಷಕ್ಕೆ ಬಿಟ್ಟು ಹೋಗುವುದನ್ನೂ ಅವರು ಕಣ್ಣಾರೆ ಕಂಡರು. ಹಾಗೆ ಬಿಟ್ಟು ಹೋದ ಮಗು ಕಲಿತಷ್ಟರಿಂದ ಏನನ್ನು ಕೊಂಡೊಯ್ಯುತ್ತದೆ ಎಂಬ ಚಿಂತೆ ಅವರನ್ನು ಹಿಡಿಯಿತು. ವಿಮೆಯವರ ಭಾಷೆಯಿಂದ ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತನ್ನು ತಂದು ಅವರು ಪಾಠಕ್ಕೆ ಹಚ್ಚಿದರು. ಪಾಲಿಸಿಯನ್ನು ನಡುವೆ ನಿಲ್ಲಿಸಿದರೂ ಒಂದಿಷ್ಟು ಹಣ ಕೈಗೆ ಬರುತ್ತದಲ್ಲ, ಅಂಥ ಮೌಲ್ಯ ಪಾಠಕ್ಕೂ ಇರಬೇಕು ಎಂಬುದು ಅವರ ನಿಲುವು.

ಆಗಿನ ಪಠ್ಯಪುಸ್ತಕಗಳನ್ನು ಅವರು ಬಿಡಿಸಿ ನೋಡಿದರು. ಅಪರೂಪದ ಪದಗಳು, ಅವೂ ಒಂದರ ಬೆನ್ನಿಗೆ ಒಂದು. ಅವನ್ನು ತೆಗೆದು, ದಿನಬಳಕೆಯ ಪದಗಳನ್ನು ಹಾಕಿ, ಹೊಸ ಪದಗಳ ನಡುವೆ ಸಾಕಷ್ಟು ಅಂತರ ಬಿಟ್ಟು ಓದುವ ಪುಸ್ತಕಗಳನ್ನು ಹೊಸದಾಗಿ ರೂಪಿಸಿದರು. 1935ರಲ್ಲಿ ಬಂದ ಅವರ ನಿಘಂಟಿನಲ್ಲಿ ಎಲ್ಲ ಅರ್ಥವಿವರಣೆಯೂ 1,490 ಸರಳ ಪದಗಳೊಳಗೇ ಇತ್ತು. 1953ರಲ್ಲಿ ಪ್ರಕಟವಾದ ‘ಜನರಲ್ ಸರ್ವೀಸ್ ಲಿಸ್ಟ್’ ಅವರ ಹೆಸರನ್ನು ಉಳಿಸಿತು. ಸುಮಾರು ಎರಡು ಸಾವಿರ ಪದಗಳ ಆ ಪಟ್ಟಿಯಲ್ಲಿ ಪದದ ಜೊತೆಗೆ ಅದರ ಯಾವ ಅರ್ಥ ಶೇಕಡಾ ಎಷ್ಟು ಬಳಕೆಯಲ್ಲಿದೆ ಎಂಬ ಲೆಕ್ಕವೂ ಇದೆ. ಕಂಪ್ಯೂಟರ್ ಇಲ್ಲದ ಕಾಲದ ಆ ದುಡಿಮೆಗೆ ಇಂದಿಗೂ ಗೌರವ ಸಲ್ಲಬೇಕು.

ಎರಡು ಸಾವಿರ ಪದ ಸಾಕೇ? ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿರುವ ನ್ಯೂಜಿಲೆಂಡಿನ ಪಾಲ್ ನೇಷನ್ ಪದಗಳನ್ನು ಕುಟುಂಬಗಳಾಗಿ ಎಣಿಸುತ್ತಾರೆ. ಹೆಲ್ಪ್, ಹೆಲ್ಪರ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು ಕುಟುಂಬ. ಅತಿ ಹೆಚ್ಚು ಬಳಕೆಯ ಎರಡು ಸಾವಿರ ಕುಟುಂಬಗಳು ಗೊತ್ತಿದ್ದರೆ ಸಾಮಾನ್ಯ ಬರಹದ ಸುಮಾರು ಶೇ 80ರಷ್ಟು, ಮಾತಿನಲ್ಲಿ ಸುಮಾರು ಶೇ 90ರಷ್ಟು ಪದಗಳು ಪರಿಚಿತವಾಗಿರುತ್ತವೆ. ಮೊದಲ ನೂರು ಪದಗಳೇ ಬರಹದ ಹತ್ತಿರ ಹತ್ತಿರ ಅರ್ಧ ಭಾಗ ತುಂಬುತ್ತವೆ. ಆದರೆ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಶೇ 80 ಎಂದರೆ ಐದರಲ್ಲಿ ಒಂದು ಪದ ಗೊತ್ತಿಲ್ಲ ಎಂದರ್ಥ. ಇಂಗ್ಲಿಷ್ ಪತ್ರಿಕೆಯನ್ನೋ ಕಾದಂಬರಿಯನ್ನೋ ಯಾರ ನೆರವೂ ಇಲ್ಲದೆ ಓದಲು ಎಂಟು ಒಂಬತ್ತು ಸಾವಿರ ಕುಟುಂಬಗಳು ಬೇಕಾಗುತ್ತವೆ ಎಂಬುದು ನೇಷನ್ ಅವರದೇ ಅಂದಾಜು. ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಎಂದು ಬೋರ್ಡು ಹಾಕುವವರು ಈ ಮಾತು ಹೇಳುವುದಿಲ್ಲ. ಡೈರಿ, ಔಷಧಿ ಚೀಟಿ, ಬ್ಯಾಂಕಿನ ಮೆಸೇಜು ಅರ್ಥವಾಗಬೇಕು ಎಂಬಷ್ಟೇ ಗುರಿಯಿದ್ದರೆ ಮಾತ್ರ ಮೊದಲ ಎರಡು ಸಾವಿರ ಬಹಳ ದೂರ ಕೊಂಡೊಯ್ಯುತ್ತವೆ.

‘ಹಾಕು’ಗೆ ಇಂಗ್ಲಿಷಿನಲ್ಲಿ ಏನು?

ಕನ್ನಡದ ಪದಕ್ಕೆ ಇಂಗ್ಲಿಷಿನ ಒಂದು ಪದ ಎಂದು ಜೋಡಿಸಿ ಬಾಯಿಪಾಠ ಮಾಡಿದವರು ಮಾತಾಡಲು ಹೋಗಿ ಎಡವುವುದು ಕ್ರಿಯಾಪದದಲ್ಲಿ. ನಮ್ಮ ‘ಹಾಕು’ ತೆಗೆದುಕೊಳ್ಳಿ. ಬಟ್ಟೆ ಹಾಕುತ್ತೇವೆ, ಬೀಗ ಹಾಕುತ್ತೇವೆ, ಸಹಿ ಹಾಕುತ್ತೇವೆ, ಓಟು ಹಾಕುತ್ತೇವೆ, ಗಿಡಕ್ಕೆ ನೀರು ಹಾಕುತ್ತೇವೆ, ದನಕ್ಕೆ ಹುಲ್ಲು ಹಾಕುತ್ತೇವೆ. ಇಂಗ್ಲಿಷಿನಲ್ಲಿ ಬಟ್ಟೆಗೆ ‘ವೇರ್’, ಬೀಗಕ್ಕೆ ‘ಲಾಕ್’, ಸಹಿಗೆ ‘ಸೈನ್’, ಓಟಿಗೆ ‘ವೋಟ್’, ಗಿಡಕ್ಕೆ ‘ವಾಟರ್’, ದನಕ್ಕೆ ‘ಫೀಡ್’. ಕನ್ನಡ ಒಂದು ಕ್ರಿಯಾಪದದಿಂದ ನಡೆಸುವ ಕೆಲಸಕ್ಕೆ ಅಲ್ಲಿ ಬೇರೆ ಬೇರೆ ಕ್ರಿಯಾಪದ. ಅದೇ ಇಂಗ್ಲಿಷ್ ‘ಟೇಕ್’ ಅಥವಾ ‘ಗೆಟ್’ ವಿಷಯದಲ್ಲಿ ಪಾತ್ರ ಅದಲು ಬದಲು. ಟೇಕ್ ಎ ಬಸ್ ಎಂದರೆ ಬಸ್ಸು ಹತ್ತಿಕೊಂಡು ಹೋಗು, ಟೇಕ್ ಎ ರೆಸ್ಟ್ ಎಂದರೆ ವಿಶ್ರಾಂತಿ ಪಡೆ, ಟೇಕ್ ಆಫ್ ಯುವರ್ ಶೂಸ್ ಎಂದರೆ ಶೂ ಬಿಚ್ಚು. ‘ಟೇಕ್ ಎಂದರೆ ತೆಗೆದುಕೊ’ ಎಂದು ಬರೆದುಕೊಂಡ ನೋಟ್‌ಬುಕ್ ಇಲ್ಲಿ ಕೈಕೊಡುತ್ತದೆ.

‘ನನಗೆ’ ಎಂಬುದು ಇನ್ನೂ ದೊಡ್ಡ ತೊಡಕು. ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಗೊತ್ತು, ನನಗೆ ನೀರು ಬೇಕು. ಕನ್ನಡದಲ್ಲಿ ನಾಲ್ಕೂ ಒಂದೇ ರೀತಿ ಶುರುವಾಗುತ್ತವೆ. ಹಸಿವು, ಜ್ವರ, ತಿಳಿವಳಿಕೆ ಎಲ್ಲವೂ ನಮ್ಮ ಬಳಿ ಬರುವಂಥವು ಎಂದು ಕನ್ನಡ ಕಾಣುತ್ತದೆ. ಇಂಗ್ಲಿಷ್ ಅವನ್ನು ನಾಲ್ಕು ದಾರಿಗೆ ಕಳಿಸುತ್ತದೆ: ಐ ಆಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ನೋ, ಐ ವಾಂಟ್ ವಾಟರ್. ಇದರಲ್ಲಿ ಕಾರಣ ಹುಡುಕುತ್ತ ಕೂತರೆ ಆರಂಭಿಕರಿಗೆ ಸುಸ್ತಾಗುತ್ತದೆ. ಇಡೀ ವಾಕ್ಯವನ್ನೇ ಒಂದು ಪದದಂತೆ ಬಾಯಿಗೆ ಹತ್ತಿಸಿಕೊಳ್ಳುವುದು ಸಲೀಸು. ಐ ಹ್ಯಾವ್ ಎ ಫೀವರ್ ಬಾಯಿಗೆ ಹತ್ತಿದರೆ ಕಾಫ್, ಹೆಡೇಕ್ ತಾವೇ ಅದೇ ಜಾಗಕ್ಕೆ ಬಂದು ಕೂರುತ್ತವೆ.

ಚಿಲ್ಲರೆ ಪದಗಳಿಗೆ ಎಷ್ಟು ಬೆಲೆ ಎಂಬುದನ್ನು ಮೊಬೈಲಿಗೆ ಬರುವ ಮೆಸೇಜುಗಳು ತೋರಿಸುತ್ತವೆ. ‘ಡು ನಾಟ್ ಶೇರ್ ದಿಸ್ ಓಟಿಪಿ ವಿತ್ ಎನಿಒನ್.’ ಶೇರ್ ಗೊತ್ತು, ಓಟಿಪಿ ಗೊತ್ತು; ‘ನಾಟ್’ ಕಣ್ತಪ್ಪಿದರೆ ಅರ್ಥ ತಲೆಕೆಳಗು. ಖಾತೆಯಿಂದ ಹಣ ಹೋದರೆ ‘ಡೆಬಿಟೆಡ್ ಫ್ರಮ್’, ಬಂದರೆ ‘ಕ್ರೆಡಿಟೆಡ್ ಟು’. ಫ್ರಮ್ ಮತ್ತು ಟು ನಡುವೆ ಒಬ್ಬರ ತಿಂಗಳ ಸಂಬಳವೇ ಇರಬಹುದು. ಮಕ್ಕಳ ಸಿರಪ್ಪಿನ ಬಾಟಲಿಯ ಮೇಲೆ ‘ಶೇಕ್ ವೆಲ್ ಬಿಫೋರ್ ಯೂಸ್’ ಎಂದಿರುತ್ತದೆ. ಡೈರಿಯಲ್ಲಿ ಕಾಡಿದ ‘ಬಿಫೋರ್’ ಅಲ್ಲೂ ಇದೆ, ಡಾಕ್ಟರ ಚೀಟಿಯ ‘ಬಿಫೋರ್ ಫುಡ್’ನಲ್ಲೂ ಇದೆ. ಒಂದು ಪದ ಕಲಿತರೆ ಮೂರು ಕಡೆ ಬೆಳಕು. ಮೊದಲು ಕಲಿಯಬೇಕಾದ ಪದ ಯಾವುದು ಎಂದು ತೀರ್ಮಾನಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಕಾಣುವುದಿಲ್ಲ.

ಹಣ್ಣುಗಳ ಚಾರ್ಟು

ಗೋಡೆಯ ಮೇಲಿನ ಚಾರ್ಟಿನಲ್ಲಿ ಹನ್ನೆರಡು ಹಣ್ಣು, ಪಕ್ಕದಲ್ಲಿ ಹನ್ನೆರಡು ಬಣ್ಣ. ನೋಡಲು ಚೆಂದ. ಆದರೆ ಒಂದೇ ಜಾತಿಯ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಥಾಮಸ್ ಟಿಂಕಮ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಥದಲ್ಲಿ ಹತ್ತಿರವಿರುವ ಪದಗಳ ಗುಂಪನ್ನು ಕಲಿಯುವುದು ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಕಷ್ಟವಾಗಿತ್ತು. ಲೆಫ್ಟು ರೈಟು, ಯೆಸ್ಟರ್‌ಡೇ ಟುಮಾರೋ, ಬಾರೋ ಲೆಂಡ್‌ಗಳನ್ನು ಜೋಡಿಯಾಗಿ ಕಲಿತವರು ಯಾವುದು ಯಾವುದೆಂದು ಎಷ್ಟೋ ವರ್ಷ ತಡವರಿಸುವುದಕ್ಕೆ ಇದೇ ಕಾರಣ. ಒಂದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕಬೇಕು.

ಮರೆವಿಗೊಂದು ಡಬ್ಬಿ

ಕಲಿತದ್ದೆಲ್ಲ ಮರೆತುಹೋಗುತ್ತದೆ ಎಂಬ ಕೊರಗು ದೊಡ್ಡವರಾದ ಮೇಲೆ ಕಲಿಯುವವರಲ್ಲಿ ಸಾಮಾನ್ಯ. ವಯಸ್ಸಾಯಿತು, ತಲೆಗೆ ಹತ್ತುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಮರೆವು ಹೇಗೆ ನಡೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಉಳಿಯಿತು ಎಂದು ಅಳೆದರು. ಮೊದಲ ಕೆಲವು ಗಂಟೆಗಳಲ್ಲಿ ಬಹುಪಾಲು ಜಾರುತ್ತದೆ, ಆಮೇಲೆ ಜಾರುವ ವೇಗ ತಗ್ಗುತ್ತದೆ. ಜಾರುವ ಮುನ್ನ ಮತ್ತೆ ನೆನೆದರೆ ಮುಂದಿನ ಸಲ ಹೆಚ್ಚು ಕಾಲ ಉಳಿಯುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ಕೂತು ಓದುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಹೆಚ್ಚು ಫಲ ಕೊಡುವುದು ಇದರಿಂದಲೇ.

ಇದನ್ನು ಡಬ್ಬಿಗಳ ಆಟವಾಗಿ ಮಾಡಿದವರು ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್. ಅವರ ಪುಸ್ತಕ ಬಂದದ್ದು 1970ರ ದಶಕದಲ್ಲಿ. ಖರ್ಚಿಲ್ಲದ ಉಪಾಯ. ಮದುವೆ ಕಾಗದದ ಹಿಂಬದಿಯಿಂದ ಚೀಟಿ ಕತ್ತರಿಸಿಕೊಳ್ಳಿ. ಒಂದು ಕಡೆ ಕನ್ನಡ ವಾಕ್ಯ, ಇನ್ನೊಂದು ಕಡೆ ಇಂಗ್ಲಿಷ್ ವಾಕ್ಯ. ಮೂರು ಡಬ್ಬಿ ಸಾಕು: ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯಬೇಕು. ಕನ್ನಡ ನೋಡಿ ಇಂಗ್ಲಿಷನ್ನು ಬಾಯಿಬಿಟ್ಟು ಹೇಳಿ, ಆಮೇಲಷ್ಟೇ ತಿರುಗಿಸಬೇಕು. ಸರಿಯಾದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಬರೀ ಕಣ್ಣಾಡಿಸಿದರೆ ಗೊತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ನೆನಪನ್ನು ಒಳಗಿನಿಂದ ಎಳೆದು ತರುವ ಶ್ರಮವೇ ಅದನ್ನು ಗಟ್ಟಿಮಾಡುವುದು.

ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ತಪ್ಪೇ ಎಂದು ಹಲವರು ಸಂಕೋಚದಿಂದ ಕೇಳುತ್ತಾರೆ. ಖಂಡಿತ ತಪ್ಪಲ್ಲ. ಒಂದೇ ಅಕ್ಷರಕ್ಕೆ ನಾಲ್ಕು ಉಚ್ಚಾರವಿರುವ ಭಾಷೆಗೆ, ಬರೆದಂತೆ ಓದುವ ಲಿಪಿಯೊಂದು ಕೈಯಲ್ಲಿರುವುದು ನಮ್ಮ ಭಾಗ್ಯ. ಅದಕ್ಕೂ ಮಿತಿಯಿದೆ. ಇಂಗ್ಲಿಷಿನವರು ತುಟಿ ದುಂಡಗೆ ಮಾಡಿ ಹೇಳುವ ಧ್ವನಿಗೂ, ಕೆಳತುಟಿಗೆ ಹಲ್ಲು ತಾಗಿಸಿ ಹೇಳುವ ಧ್ವನಿಗೂ ನಮ್ಮಲ್ಲಿ ‘ವ’ ಒಂದೇ. ಅದನ್ನು ಕಿವಿಯಿಂದಲೇ ಕಲಿಯಬೇಕು. ಡೈರಿ ಓದಬೇಕೆಂದರೆ ಇಂಗ್ಲಿಷ್ ಅಕ್ಷರಗಳೂ ಚೀಟಿಯ ಮೇಲೆ ಇರಲೇಬೇಕು.

ಬೆಂಗಳೂರಿನ ತರಗತಿಗಳು

ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲಿ ಬೆಂಗಳೂರಿಗೆ ಒಂದು ಹೆಸರಿದೆ. ಊರಿನವರಿಗೇ ಅದು ಅಷ್ಟಾಗಿ ಗೊತ್ತಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ನೆಲೆಗಳಲ್ಲೊಂದು. ಲೋಕದಾದ್ಯಂತ ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ.

ಆ ತರಗತಿಗಳಲ್ಲಿ ಪದಗಳ ಪಟ್ಟಿಯಿರಲಿಲ್ಲ, ವ್ಯಾಕರಣದ ಸೂತ್ರವಿರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆಯಂಥವನ್ನು ಮುಂದಿಟ್ಟು ಮಕ್ಕಳಿಗೆ ಸಮಸ್ಯೆ ಕೊಡುತ್ತಿದ್ದರು. ಯಾವ ರೈಲು ಹಿಡಿದರೆ ಬೇಗ ತಲುಪಬಹುದು? ಈ ಮನೆಯಿಂದ ಅಲ್ಲಿಗೆ ಯಾವ ದಾರಿ? ಮೊದಲು ಮೇಷ್ಟರು ಮಕ್ಕಳ ಜೊತೆ ಅಂಥದೇ ಒಂದನ್ನು ಬಿಡಿಸುತ್ತಿದ್ದರು, ಆಮೇಲೆ ಮಕ್ಕಳು ತಾವೇ. ಗಮನವೆಲ್ಲ ಉತ್ತರ ಹುಡುಕುವುದರಲ್ಲಿ ಇರುವಾಗಲೇ ಭಾಷೆ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ಮಂಡಿಸಿದರು. ಕೆಲಸದ ಮೂಲಕ ಭಾಷೆ ಕಲಿಸುವ ಇಂದಿನ ಪದ್ಧತಿಯ ಬೇರುಗಳಲ್ಲಿ ಇದೂ ಒಂದು.

ವಯಸ್ಕರಿಗೆ ಸಮಸ್ಯೆಗಳನ್ನು ಕಲ್ಪಿಸಿ ಕೊಡಬೇಕಾಗಿಯೂ ಇಲ್ಲ. ಡೈರಿಯ ಸಾಲು, ಮಾತ್ರೆಯ ಪಟ್ಟಿ, ಮಿಕ್ಸಿಯ ವಾರಂಟಿ ಕಾರ್ಡು, ಗಾರ್ಮೆಂಟ್ ಕಾರ್ಖಾನೆಯ ನೋಟಿಸು ಎಲ್ಲವೂ ಮನೆಯಲ್ಲೇ ಇವೆ. ದಿನಕ್ಕೆ ಒಂದು ಕಾಗದ ಹಿಡಿದು, ಅದರಲ್ಲಿ ಇತರ ಕಡೆಯೂ ಕಂಡ ಪದ ಯಾವುದು ಎಂದು ಹುಡುಕಿ, ಅದಿರುವ ವಾಕ್ಯವನ್ನು ಡಬ್ಬಿಗೆ ಹಾಕಿದರೆ ಅವರವರ ಬದುಕಿಗೆ ಒಪ್ಪುವ ಪಟ್ಟಿ ತಾನೇ ಬೆಳೆಯುತ್ತದೆ. ಭದ್ರತಾ ಸಿಬ್ಬಂದಿಯ ಪಟ್ಟಿಯಲ್ಲಿ ‘ಹೂಮ್ ಡು ಯೂ ವಾಂಟ್ ಟು ಮೀಟ್’ ಮೊದಲ ವಾರವೇ ಬರುತ್ತದೆ. ಬ್ಯೂಟಿ ಪಾರ್ಲರಿನಲ್ಲಿ ದುಡಿಯುವವರ ಪಟ್ಟಿಯೇ ಬೇರೆ.

ಕನ್ನಡದಲ್ಲೂ ಬರೆಯಲಿ

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಕರ್ನಾಟಕದ ಶಾಲೆಯೊಂದು ಕನ್ನಡ ಓದಬಲ್ಲ ತಾಯಿಗೆ ಇಂಗ್ಲಿಷಿನಲ್ಲಿ ಮಾತ್ರ ಸೂಚನೆ ಕಳಿಸುವುದು ಅನ್ಯಾಯ. ಮಗುವಿನ ಆರೋಗ್ಯ, ಹಣ, ಪರೀಕ್ಷೆಯ ವಿಷಯ ತಾಯಿಗೆ ತಿಳಿಯುವುದು ಅವಳ ಹಕ್ಕು. ಅದಕ್ಕೆ ಎರಡು ಸಾವಿರ ಪದಗಳ ಷರತ್ತು ಹಾಕುವಂತಿಲ್ಲ. ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಲು ಶಿಕ್ಷಕರಿಗೆ ಅರ್ಧ ನಿಮಿಷ ಬೇಕು. ಎರಡೂ ಭಾಷೆಯಲ್ಲಿ ಬಂದ ಡೈರಿ ಆ ತಾಯಿಗೆ ದಿನವೂ ಒಂದು ಇಂಗ್ಲಿಷ್ ಪಾಠವೂ ಆಗುತ್ತದೆ ಎಂಬುದು ಬೇರೆ ಮಾತು.

ಕಲಿಯುವವರನ್ನು ನೋಡಿ ನಗುವವರಿಂದ ಆಗುವ ಹಾನಿ ಎಲ್ಲಕ್ಕಿಂತ ಹೆಚ್ಚು. ತಪ್ಪಾಗಿ ಒಂದು ವಾಕ್ಯ ಆಡಿ, ಮನೆಯವರೇ ನಕ್ಕದ್ದಕ್ಕೆ ಮತ್ತೆ ಬಾಯಿ ತೆರೆಯದವರು ಪ್ರತಿ ಬೀದಿಯಲ್ಲೂ ಇದ್ದಾರೆ. ಬೇರೆ ಭಾಷೆಯವರು ತಪ್ಪು ತಪ್ಪಾಗಿ ಕನ್ನಡ ಆಡಿದಾಗ ನಾವು ಎಷ್ಟು ಖುಷಿಪಡುತ್ತೇವೆ! ಆ ಔದಾರ್ಯ ನಮ್ಮವರಿಗೂ ಸಿಗಬೇಕು.

ಮುಂದೆ ಏನು ಓದುವುದು

ಇನ್ನೂರು ಮುನ್ನೂರು ವಾಕ್ಯಗಳು ಗಟ್ಟಿಯಾದ ಮೇಲೆ ಚೀಟಿಗಳಷ್ಟೇ ಸಾಲುವುದಿಲ್ಲ. ಕಲಿತ ಪದ ಹೊಸ ಹೊಸ ಜಾಗದಲ್ಲಿ ಎದುರಾಗಬೇಕು. ಅದಕ್ಕೆ ಓದೇ ದಾರಿ. ಮೈಕೆಲ್ ವೆಸ್ಟ್ ತೋರಿಸಿದ ರೀತಿಯಲ್ಲಿ, ಪದಗಳಿಗೆ ಮಿತಿ ಹಾಕಿ ಬರೆದ ಸರಳ ಕಥೆಗಳು ಇಂಗ್ಲಿಷಿನಲ್ಲಿ ಧಾರಾಳವಾಗಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಹಂತ ಹಂತವಾಗಿ ವಿಂಗಡಿಸಲಾಗಿವೆ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮೊದಲ ಹಂತದ ಕಥೆಯಲ್ಲಿ ಪುಟಕ್ಕೆ ಒಂದೆರಡು ವಾಕ್ಯ ಮಾತ್ರ. ಮೊದಲು ಕನ್ನಡದಲ್ಲಿ ಓದಿ ಕಥೆ ತಿಳಿದುಕೊಂಡು, ಆಮೇಲೆ ಇಂಗ್ಲಿಷ್ ಪುಟ ತೆರೆದರೆ ನಿಘಂಟು ಹುಡುಕುವ ಕೆಲಸ ಕಡಿಮೆ. ಒಂದನೇ ಕ್ಲಾಸಿನ ಮಗುವೂ ಅಮ್ಮನೂ ಒಟ್ಟಿಗೆ ಕೂತು ಓದಬಹುದಾದ ಪುಸ್ತಕಗಳಿವು. ಒಂದನ್ನು ಮೂರು ನಾಲ್ಕು ಸಲ ಓದಿ, ತಡೆಯಿಲ್ಲದೆ ಓದಲು ಬಂದ ಮೇಲೆ ಮುಂದಿನ ಹಂತಕ್ಕೆ ಹೋಗಬಹುದು.